ಗುಂಡಿ ಎಣಿಸುವುದರಿಂದ ಗೊಬ್ಬರ ನೋಡುವವರೆಗೆ: ಯೋಜನೆಗಳ ಮೌಲ್ಯಮಾಪನದ ಎಪ್ಪತ್ತು ವರ್ಷದ ಕಥೆ

ವಿಡಿಯೊ ನೋಡೋಕೆ ಟೈಮ್ ಸಿಗಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ, ಎಂದಿನ ಹಾಗೆ ಈ ವಾರದ ಮಾತನ್ನೂ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ತಡವರಿಸಿದ್ದನ್ನು ತೆಗೆದಿದ್ದೇನೆ, ವಿಡಿಯೊದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಇವತ್ತಿನ ವಿಷಯದ ಹೆಸರು ಕೇಳಿದರೆ ನಿದ್ದೆ ಬರಬಹುದು. ಕಾರ್ಯಕ್ರಮ ಮೌಲ್ಯಮಾಪನ. ಅಂದರೆ ಸರ್ಕಾರವೋ ಸಂಸ್ಥೆಯೋ ಒಂದು ಯೋಜನೆ ಮಾಡಿ ದುಡ್ಡು ಸುರಿದ ಮೇಲೆ, ಅದರಿಂದ ನಿಜಕ್ಕೂ ಯಾರಿಗಾದರೂ ಉಪಯೋಗ ಆಯ್ತಾ ಅಂತ ನೋಡುವ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟಿಕೆಟ್ ಕ್ಲೋಸ್ ಆಗಿದೆ, ಆದರೆ ಪ್ರಾಬ್ಲಂ ಹೋಯ್ತಾ? ಪ್ರಶ್ನೆ ಇಷ್ಟೇ. ಆದರೆ ಈ ಪ್ರಶ್ನೆಯನ್ನು ಹೇಗೆ ಕೇಳಬೇಕು ಅನ್ನೋದನ್ನ ಕಲಿಯೋಕೆ ಜಗತ್ತಿಗೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಗಿದೆ. ಇನ್ನೂ ಕಲಿಯುತ್ತಲೇ ಇದೆ. ನಾನಂತೂ ಇದನ್ನು ಒಂದು ತಪ್ಪು ಮಾಡಿ ಕಲಿತೆ. ಆ ತಪ್ಪಿಗೆ ಆಮೇಲೆ ಬರ್ತೀನಿ.

ಅಜ್ಜನ ಡೈರಿ

ನನ್ನ ತಾಯಿಯ ತಂದೆ ಹಾವೇರಿ ಕಡೆ ಗ್ರಾಮಸೇವಕರಾಗಿದ್ದರು. ಈಗಿನವರಿಗೆ ಆ ಹುದ್ದೆ ಗೊತ್ತಿರಲಿಕ್ಕಿಲ್ಲ. 1950ರ ದಶಕದ ಕೊನೆಗೆ ಸೈಕಲ್ ಮೇಲೆ ಹತ್ತು ಹಳ್ಳಿ ಸುತ್ತಿ, ಸುಧಾರಿಸಿದ ಬೀಜ, ಗೊಬ್ಬರ, ಶೌಚಗುಂಡಿ, ರಾತ್ರಿ ಶಾಲೆ, ದನದ ಲಸಿಕೆ ಎಲ್ಲದಕ್ಕೂ ಒಬ್ಬನೇ ಮನುಷ್ಯ. ದಿನಾ ಡೈರಿ ಬರೆಯಬೇಕಿತ್ತು. ಇವತ್ತು ಯಾವ ಊರು, ಎಷ್ಟು ಸಭೆ, ಎಷ್ಟು ಕಾಂಪೋಸ್ಟ್ ಗುಂಡಿ.

ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, "ಅಜ್ಜಾ, ನೀ ಎಷ್ಟ್ ಗುಂಡಿ ತೋಡ್ಸಿ?" ಅಂತ. ಅಜ್ಜ ನಕ್ಕುಬಿಟ್ಟರು. "ತೋಡ್ಸಿದ್ದು ರಗಡ್ ಅದಾವೋ ತಮ್ಮಾ. ಮ್ಯಾಲಿನ್ ಸಾಹೇಬ್ರು ಗುಂಡಿ ಎಷ್ಟ್ ಆದ್ವು ಅಂತ ಕೇಳ್ತಿದ್ರು. ಗುಂಡ್ಯಾಗ ಏನೈತಿ ಅಂತ ಯಾರೂ ಕೇಳಲಿಲ್ಲ. ಮಳಿ ಬಂದ್ರ ಅದ್ರಾಗ ನೀರ್ ನಿಂತು ಎಮ್ಮಿ ಮಲಗ್ತಿದ್ವು." ಆಗ ನನಗೆ ಎಮ್ಮೆ ಮಲಗೋದೇ ತಮಾಷೆ ಅನ್ನಿಸಿತ್ತು. ಅಜ್ಜ ಹೇಳಿದ್ದು ನನ್ನ ವೃತ್ತಿಯ ಬಗ್ಗೆ ಅಂತ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು.

1952: ಯೋಜನೆ ಹುಟ್ಟಿದಾಗಲೇ ಹುಟ್ಟಿದ ತನಿಖೆ

ಅಜ್ಜನಿಗೆ ಕೆಲಸ ಕೊಟ್ಟ ಯೋಜನೆಯ ಹೆಸರು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ. 1948ರಲ್ಲಿ ಉತ್ತರ ಪ್ರದೇಶದ ಇಟಾವಾದಲ್ಲಿ ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಒಂದು ಪೈಲಟ್ ನಡೆದಿತ್ತು. ಅದನ್ನು ನೋಡಿ, 1952ರ ಅಕ್ಟೋಬರ್ 2ರಂದು ದೇಶದಾದ್ಯಂತ 55 ಕಡೆ ಒಮ್ಮೆಗೇ ಶುರು ಮಾಡಿದರು. ಒಂದೊಂದು ಪ್ರಾಜೆಕ್ಟಿಗೆ ಸುಮಾರು 300 ಹಳ್ಳಿ, ಎರಡು ಲಕ್ಷ ಜನ. ಪೈಲಟ್ ಚೆನ್ನಾಗಿ ಆಯ್ತು, ಇನ್ನು ಸೀದಾ ಪ್ರೊಡಕ್ಷನ್. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಆದರೆ ಆಗಿನವರು ಇನ್ನೊಂದು ಕೆಲಸ ಮಾಡಿದರು. ಅದನ್ನು ನಾವು ಮೆಚ್ಚಲೇಬೇಕು. ಅದೇ 1952ರ ಅಕ್ಟೋಬರ್‌ನಲ್ಲಿ ಯೋಜನಾ ಆಯೋಗದ ಕೆಳಗೆ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟುಹಾಕಿದರು. ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಪಿ.ಇ.ಒ. ಯೋಜನೆ ನಡೆಸುವವರು ಬೇರೆ, ಅದನ್ನು ಪರೀಕ್ಷಿಸುವವರು ಬೇರೆ. ಅಮೆರಿಕದಂಥ ದೇಶದಲ್ಲೇ ಕಾನೂನಿನಲ್ಲಿ ಮೌಲ್ಯಮಾಪನದ ಮಾತು ಗಟ್ಟಿಯಾಗಿ ಬಂದದ್ದು 1965ರಲ್ಲಿ. ಅಂದರೆ ಹೊಸದಾಗಿ ಸ್ವತಂತ್ರವಾದ, ಕೈಯಲ್ಲಿ ಕಾಸಿಲ್ಲದ ದೇಶ ಈ ವಿಷಯದಲ್ಲಿ ಮುಂದಿತ್ತು.

ಪುಣೆಯಲ್ಲಿರೋರಿಗೆ ಒಂದು ಸಂಗತಿ. ಆ ಸಂಸ್ಥೆಯ ಮೊದಲ ನಿರ್ದೇಶಕರು ನಿಮ್ಮ ಊರಿನವರೇ, ಅರ್ಥಶಾಸ್ತ್ರಜ್ಞ ಡಿ.ಜಿ. ಕರ್ವೆ. ನಾವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಕರ್ವೆ ರೋಡಿನ ಕರ್ವೆ ಬೇರೆ, ಅವರು ಮಹರ್ಷಿ ಧೋಂಡೊ ಕೇಶವ ಕರ್ವೆ.

ಇನ್ನೊಂದು ಕಡೆ ಕಾರ್ಯಕ್ರಮ ನಡೆಸುತ್ತಿದ್ದವರು ಎಸ್.ಕೆ. ಡೇ. ನೀಲೋಖೇಡಿಯಲ್ಲಿ ನಿರಾಶ್ರಿತರಿಗೆ ಊರು ಕಟ್ಟಿ ಹೆಸರಾದವರು, ಅಪಾರ ಉತ್ಸಾಹದ ಮನುಷ್ಯ, 1956ರಲ್ಲಿ ಇದೇ ಖಾತೆಗೆ ಮಂತ್ರಿಯೂ ಆದರು. ಒಂದು ಕಡೆ ಉತ್ಸಾಹ, ಇನ್ನೊಂದು ಕಡೆ ವರ್ಷ ವರ್ಷ ಬರುವ ತಣ್ಣಗಿನ ವರದಿ. ಆ ವರದಿಗಳು ಹೇಳಿದ್ದೇನು? ರಸ್ತೆ, ಬಾವಿ, ಕಟ್ಟಡ ಆಗ್ತಿವೆ. ಆದರೆ ಬೀಜ, ಗೊಬ್ಬರ, ಸಾಲದ ಲಾಭ ಹೆಚ್ಚಾಗಿ ಜಮೀನು ಇದ್ದವರ ಕಡೆಗೇ ಹೋಗ್ತಿದೆ. ಭೂಮಿ ಇಲ್ಲದವರು, ಹೆಂಗಸರು ಹಿಂದೆ ಉಳೀತಿದ್ದಾರೆ. ಜನ ಇದನ್ನು ತಮ್ಮ ಕಾರ್ಯಕ್ರಮ ಅಂದ್ಕೊಂಡಿಲ್ಲ, ಸರ್ಕಾರದ್ದು ಅಂತಲೇ ನೋಡ್ತಿದ್ದಾರೆ. ಸರ್ಕಾರದ್ದೇ ದುಡ್ಡಿನಲ್ಲಿ, ಸರ್ಕಾರದ್ದೇ ಅಚ್ಚಿನಲ್ಲಿ ಇದು ಪ್ರಕಟವಾಗುತ್ತಿತ್ತು.

1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ನೇಮಕವಾಯಿತು. ಜನರ ಕೈಗೆ ಅಧಿಕಾರ ಕೊಡದೆ ಜನರಿಂದ ಪಾಲ್ಗೊಳ್ಳುವಿಕೆ ಬಯಸಿದರೆ ಬರೋದಿಲ್ಲ ಅಂತ ಆ ಸಮಿತಿ ಅದೇ ವರ್ಷ ಹೇಳಿತು. ಮೂರು ಹಂತದ ಪಂಚಾಯ್ತಿ ಬೇಕು ಅಂದಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ಪಂಚಾಯತ್ ರಾಜ್ ಉದ್ಘಾಟನೆ. ನಮ್ಮಲ್ಲಿ 'ನೀರ್ ಸಾಬ್' ಅಂತಲೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಕಾಲದ ಕಾನೂನು, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯ್ತಿ ಚುನಾವಣೆ, ಇವೆಲ್ಲದರ ಹಿಂದೆ ಅದೇ ದಾರದ ಎಳೆ ಇದೆ. ಅಂದರೆ "ಇದು ಕೆಲಸ ಮಾಡ್ತಿಲ್ಲ" ಎಂಬ ಮಾತನ್ನು ಯಾರೋ ಕಾಗದದ ಮೇಲೆ ಬರೆದದ್ದರಿಂದ ಒಂದು ದೇಶದ ಆಡಳಿತದ ರೂಪವೇ ಬದಲಾಯಿತು. ಮೌಲ್ಯಮಾಪನ ಗುಮಾಸ್ತರ ಕೆಲಸ ಅನ್ನೋರಿಗೆ ಈ ಉದಾಹರಣೆ ಕೊಡಿ.

ಆದರೆ ಅಜ್ಜನ ಮಟ್ಟದಲ್ಲಿ? ಅಲ್ಲಿ ಡೈರಿ ಹಾಗೇ ಇತ್ತು. ಗುಂಡಿ ಎಣಿಸೋದು ನಿಲ್ಲಲಿಲ್ಲ.

ಅಮೆರಿಕದ ಪಾಠ: ತಪ್ಪು ಹೊತ್ತಿನಲ್ಲಿ ಅಳೆದರೆ

ಈಗ ಸ್ವಲ್ಪ ಅಮೆರಿಕಕ್ಕೆ ಹೋಗೋಣ, ಯಾಕೆಂದರೆ ಈ ಕ್ಷೇತ್ರ ಒಂದು ವೃತ್ತಿಯಾಗಿ ಬೆಳೆದದ್ದು ಅಲ್ಲೇ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದ್ದ ಕಾಲ. ಬಡ ಮಕ್ಕಳಿಗೆ ಶಾಲೆಗೆ ಮುಂಚಿನ ಶಿಕ್ಷಣ ಕೊಡುವ ಹೆಡ್ ಸ್ಟಾರ್ಟ್ ಶುರುವಾಯಿತು. ನಮ್ಮ ಅಂಗನವಾಡಿಗೆ ದೂರದ ಅಕ್ಕ ಅನ್ನಬಹುದು. ಅದೇ ವರ್ಷ ಶಿಕ್ಷಣದ ದೊಡ್ಡ ಕಾನೂನು ಬಂದಾಗ, ಬಡ ಮಕ್ಕಳಿಗೆ ಅಂತ ಕೊಟ್ಟ ದುಡ್ಡು ಅವರಿಗೇ ಉಪಯೋಗ ಆಯ್ತಾ ಅಂತ ಲೆಕ್ಕ ಕೊಡಬೇಕು ಎಂದು ಸೆನೆಟರ್ ರಾಬರ್ಟ್ ಕೆನಡಿ ಪಟ್ಟು ಹಿಡಿದರು. ಅಲ್ಲಿಂದ ಮೌಲ್ಯಮಾಪಕರಿಗೆ ಕೆಲಸವೋ ಕೆಲಸ.

1969ರಲ್ಲಿ ವೆಸ್ಟಿಂಗ್‌ಹೌಸ್ ವರದಿ ಬಂತು. ಹೆಡ್ ಸ್ಟಾರ್ಟ್ ಮಕ್ಕಳಿಗೆ ಸಿಕ್ಕ ಲಾಭ ಶಾಲೆಯ ಮೊದಲ ಕೆಲವು ವರ್ಷಗಳಲ್ಲೇ ಕರಗಿಹೋಗುತ್ತದೆ ಎಂಬುದು ಅದರ ಸಾರ. ದೊಡ್ಡ ಗದ್ದಲ ಆಯ್ತು. ಹೋಲಿಕೆಗೆ ಆರಿಸಿಕೊಂಡ ಮಕ್ಕಳೇ ಸರಿಯಿಲ್ಲ, ಇದರಿಂದ ಕಾರ್ಯಕ್ರಮ ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತೆ ಅಂತ ಡೊನಾಲ್ಡ್ ಕ್ಯಾಂಪ್‌ಬೆಲ್‌ನಂಥ ದೊಡ್ಡ ವಿಧಾನತಜ್ಞರೇ ವಾದಿಸಿದರು.

ಕಥೆಯ ಉಳಿದ ಭಾಗ ತಿಳಿಯೋಕೆ ದಶಕಗಳು ಬೇಕಾದವು. ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ ಪೆರಿ ಪ್ರೀಸ್ಕೂಲ್ ಎಂಬ ಸಣ್ಣ ಪ್ರಯೋಗ 1962ರಲ್ಲಿ ಶುರುವಾಗಿತ್ತು, ಬರೀ 123 ಮಕ್ಕಳು. ಅಲ್ಲೂ ಬುದ್ಧಿಮತ್ತೆಯ ಅಂಕದ ಲಾಭ ಬೇಗ ಕರಗಿತು. ಆದರೆ ಅದೇ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದಾಗ, ಓದು ಮುಗಿಸಿದವರು, ಸಂಪಾದಿಸುವವರು ಈ ಗುಂಪಿನಲ್ಲಿ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಅಂದರೆ ಮೂರನೇ ಕ್ಲಾಸಿನ ಅಂಕ ನೋಡಿ "ಫೇಲ್" ಅಂತ ಬರೆದಿದ್ದರೆ, ನಲವತ್ತನೇ ವಯಸ್ಸಿನ ಬದುಕು ಲೆಕ್ಕಕ್ಕೇ ಬರುತ್ತಿರಲಿಲ್ಲ. ಹೆಡ್ ಸ್ಟಾರ್ಟ್ ಉಳಿದುಕೊಂಡಿತು. ಆದರೆ ಪಾಠ ಉಳಿಯಬೇಕಾದದ್ದು ಇದು: ಏನು ಅಳೆಯುತ್ತೀರಿ ಎಂಬಷ್ಟೇ ಮುಖ್ಯ, ಯಾವಾಗ ಅಳೆಯುತ್ತೀರಿ ಎಂಬುದು.

ಇದೇ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಇನ್ನೊಂದು ಮಾತು ಹೇಳಿದರು, ಈಗ ಅದಕ್ಕೆ ಕ್ಯಾಂಪ್‌ಬೆಲ್ ನಿಯಮ ಅಂತಲೇ ಹೆಸರು. ಒಂದು ಅಂಕಿಯನ್ನು ಹಿಡಿದು ಎಷ್ಟು ಹೆಚ್ಚು ತೀರ್ಮಾನ ಮಾಡ್ತೀರೋ, ಆ ಅಂಕಿ ಅಷ್ಟು ಹೆಚ್ಚು ಕೆಡುತ್ತದೆ, ಅದು ಅಳೆಯಬೇಕಾಗಿದ್ದ ಕೆಲಸವನ್ನೂ ಕೆಡಿಸುತ್ತದೆ. ನಮ್ಮ ಅಪ್ರೈಸಲ್ ನೆನಪಾಗ್ತಿದೆಯಾ? ನನಗೆ ಅಜ್ಜನ ಗುಂಡಿಯಲ್ಲಿ ಮಲಗಿದ ಎಮ್ಮೆ ನೆನಪಾಗುತ್ತೆ.

ಚೀಟಿ ಎತ್ತುವ ಕಾಲ: ಮುಂಬಯಿಯ ಬಾಲಸಖಿ

ಮುಂದಿನ ತಿರುವು ಎಲ್ಲರಿಗೂ ಅರ್ಥವಾಗುವಂಥದ್ದು, ಯಾಕೆಂದರೆ ನಮ್ಮಲ್ಲಿ ಅರ್ಧ ಜನ ದಿನಾ ಎ-ಬಿ ಟೆಸ್ಟ್ ಮಾಡ್ತೀವಿ. 1997ರಲ್ಲಿ ಮೆಕ್ಸಿಕೊ ದೇಶ ಪ್ರೊಗ್ರೆಸಾ ಎಂಬ ಯೋಜನೆ ತಂದಿತು. ಮಕ್ಕಳನ್ನು ಶಾಲೆಗೆ, ಆಸ್ಪತ್ರೆಗೆ ಕಳಿಸಿದರೆ ತಾಯಿಯ ಕೈಗೆ ದುಡ್ಡು. ಹೇಗೂ ಎಲ್ಲ ಊರಿಗೂ ಒಟ್ಟಿಗೆ ಕೊಡೋಕಾಗಲ್ಲ ಅಂತ, 506 ಹಳ್ಳಿಗಳಲ್ಲಿ ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು, 186ಕ್ಕೆ ಆಮೇಲೆ ಅಂತ ಮಾಡಿದರು. ಫಲಿತಾಂಶ ಎಷ್ಟು ಗಟ್ಟಿಯಾಗಿತ್ತೆಂದರೆ, 2000ದಲ್ಲಿ ಸರ್ಕಾರವೇ ಬದಲಾದರೂ ಹೊಸಬರು ಯೋಜನೆಯನ್ನು ತೆಗೆಯಲಿಲ್ಲ, ಹೆಸರು ಬದಲಿಸಿ ದೊಡ್ಡದು ಮಾಡಿದರು.

ಅದೇ ಹೊತ್ತಿಗೆ ನಮ್ಮ ಮುಂಬಯಿಯ ಮುನಿಸಿಪಲ್ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ಬಾಲಸಖಿ ಎಂಬ ಸರಳ ಕೆಲಸ ನಡೆಸುತ್ತಿತ್ತು. ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ಅದೇ ಬಡಾವಣೆಯ ಒಬ್ಬ ಯುವತಿ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಮೂಲಪಾಠ ಹೇಳಿಕೊಡೋದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬಯಿ ಮತ್ತು ವಡೋದರಾದಲ್ಲಿ 2001ರಿಂದ ಇದನ್ನು ಚೀಟಿ ಎತ್ತಿ ಪರೀಕ್ಷಿಸಿದರು. ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು, ಹೆಚ್ಚು ಲಾಭ ತೀರಾ ಹಿಂದಿದ್ದವರಿಗೇ ಆಯಿತು. ಕಾರ್ಯಕ್ರಮ ನಿಂತು ಒಂದು ವರ್ಷದ ಮೇಲೆ ನೋಡಿದರೆ ಲಾಭ ಕುಗ್ಗಿತ್ತು, ಆದರೆ ಪೂರ್ತಿ ಅಳಿದಿರಲಿಲ್ಲ.

2019ರಲ್ಲಿ ಬ್ಯಾನರ್ಜಿ, ಡುಫ್ಲೊ, ಮೈಕಲ್ ಕ್ರೇಮರ್ ಮೂವರಿಗೆ ನೊಬೆಲ್ ಬಂದಾಗ ಪತ್ರಿಕೆಗಳು ಇಲ್ಲಿಗೇ ಕಥೆ ಮುಗಿಸಿದವು. ನನ್ನ ಪ್ರಕಾರ ಕಥೆ ರುಚಿಯಾಗೋದು ಇಲ್ಲಿಂದಲೇ.

ಪ್ರಥಮ್ ಇದನ್ನು ಹಳ್ಳಿಗಳಿಗೆ ಒಯ್ದಿತು. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಸ್ವಯಂಸೇವಕರು ಶಾಲೆಯ ಹೊರಗೆ ಪಾಠ ಮಾಡಿದರು. ಬಂದ ಮಕ್ಕಳು ಓದಲು ಕಲಿತರು, ಆದರೆ ಬಂದವರೇ ಕಡಿಮೆ. ಸರಿ, ಹಾಗಾದರೆ ಸರ್ಕಾರಿ ಮೇಷ್ಟ್ರಿಗೇ ತರಬೇತಿ ಕೊಡೋಣ ಅಂತ ಬಿಹಾರ, ಉತ್ತರಾಖಂಡಕ್ಕೆ ಹೋದರು. ಬಿಹಾರದಲ್ಲಿ ಬೇಸಿಗೆ ರಜೆಯ ಶಿಬಿರದಲ್ಲಿ ಅದೇ ಮೇಷ್ಟ್ರು ಚೆನ್ನಾಗಿ ಕಲಿಸಿದರು. ಶಾಲೆ ತೆರೆದ ಮೇಲೆ ಬರೀ ತರಬೇತಿ ಮತ್ತು ಪುಸ್ತಕದಿಂದ ಏನೂ ಆಗಲಿಲ್ಲ. ಯಾಕೆ? ಮೇಷ್ಟ್ರಿಗೆ ಬರಲ್ಲ ಅಂತಲ್ಲ. ಸಿಲಬಸ್ ಮುಗಿಸು ಅಂತ ಮೇಲಿನಿಂದ ಒತ್ತಡ. ಹಿಂದೆ ಬಿದ್ದ ಮಗುವಿಗಾಗಿ ನಿಲ್ಲೋಕೆ ಯಾರೂ ಬಿಡಲ್ಲ. ಇದನ್ನು ಅರ್ಥ ಮಾಡಿಕೊಂಡು ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೇ ಮೀಸಲಿಟ್ಟರು, ವಯಸ್ಸು ನೋಡದೆ ಮಟ್ಟ ನೋಡಿ ಗುಂಪು ಮಾಡಿದರು, ಮೇಲ್ವಿಚಾರಕರಿಗೂ ಕಲಿಸಿದರು. ಅಲ್ಲಿ ಫಲ ಬಂತು. ಉತ್ತರ ಪ್ರದೇಶದಲ್ಲಿ 2013-14ರಲ್ಲಿ ಹತ್ತು ಹತ್ತು ದಿನಗಳ ಕಲಿಕಾ ಶಿಬಿರ ಮಾಡಿದಾಗ ಇನ್ನೂ ದೊಡ್ಡ ಫಲ ಸಿಕ್ಕಿತು.

ಗಮನಿಸಿ. ಇಲ್ಲಿ ಮೌಲ್ಯಮಾಪನ ಕೊನೆಗೆ ಬಂದು ಪಾಸ್-ಫೇಲ್ ಹೇಳಿ ಹೋಗಲಿಲ್ಲ. ಹನ್ನೆರಡು ವರ್ಷ ಜೊತೆಗೇ ನಡೆಯಿತು. ಒಂದು ಸೋಲಿನಿಂದ ಮುಂದಿನ ಪ್ರಯೋಗದ ವಿನ್ಯಾಸ ಹುಟ್ಟಿತು. ಈ ಸಂಶೋಧಕರ ಒಂದು ಅಧ್ಯಯನದ ನೇರ ಫಲವಾಗಿ 50 ಲಕ್ಷಕ್ಕೂ ಹೆಚ್ಚು ಭಾರತೀಯ ಮಕ್ಕಳಿಗೆ ಪರಿಹಾರ ಬೋಧನೆಯ ಲಾಭ ಸಿಕ್ಕಿದೆ ಅಂತ ನೊಬೆಲ್ ಪ್ರಕಟಣೆ ಹೇಳಿತ್ತು. ಆ ಸಂಖ್ಯೆಯ ಹಿಂದೆ ಉತ್ತರಾಖಂಡದ ಸೋಲೂ ಇದೆ.

ನಮ್ಮ ಕರ್ನಾಟಕದ ಬಯೋಮೆಟ್ರಿಕ್ ಕಥೆ

ಚೀಟಿ ಎತ್ತುವ ವಿಧಾನಕ್ಕೆ ಟೀಕೆಯೂ ಬಂತು. 2015ರ ನೊಬೆಲ್ ಪಡೆದ ಆಂಗಸ್ ಡೀಟನ್ ಅವರೇ, ಒಂದು ಊರಲ್ಲಿ ಕೆಲಸ ಮಾಡಿದ್ದು ಇನ್ನೊಂದು ಊರಲ್ಲಿ ಮಾಡುತ್ತೆ ಅನ್ನೋಕೆ 'ಯಾಕೆ' ಅನ್ನೋದು ಗೊತ್ತಿರಬೇಕು ಎಂಬರ್ಥದ ವಾದ ಮಾಡುತ್ತಾ ಬಂದಿದ್ದಾರೆ. ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಐಟಿಯವರು ತಿಳಿದಿರಲೇಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಇರೋದೇ ಇಲ್ಲ ಎಂಬ ದೂರು. ಕರ್ನಾಟಕ ಸರ್ಕಾರ ಬೆರಳಚ್ಚಿನ ಹಾಜರಾತಿ ಯಂತ್ರ ತಂದಿತು. ಇಕ್ಬಾಲ್ ಧಾಲಿವಾಲ್ ಮತ್ತು ರೀಮಾ ಹನ್ನಾ 322 ಕೇಂದ್ರಗಳಲ್ಲಿ ಅಧ್ಯಯನ ಮಾಡಿದರು, 140ರಲ್ಲಿ ಯಂತ್ರ, ಉಳಿದವು ಹೋಲಿಕೆಗೆ. ಏನಾಯಿತು? ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಸಿಬ್ಬಂದಿಯ ಹಾಜರಿ ಹೆಚ್ಚಿತು, ಒಟ್ಟಾರೆ ಸುಮಾರು ಶೇ. 15ರಷ್ಟು. ಡಾಕ್ಟರುಗಳದ್ದು ಬದಲಾಗಲಿಲ್ಲ. ಆದರೂ ಕಡಿಮೆ ತೂಕದ ಕೂಸುಗಳು ಹುಟ್ಟೋದು ಶೇ. 26ರಷ್ಟು ತಗ್ಗಿತು. ದೊಡ್ಡ ಗೆಲುವು!

ಹಾಗಾದರೆ ಇಡೀ ರಾಜ್ಯಕ್ಕೆ ಹಾಕಿಬಿಡಬಹುದಲ್ಲ? ಅಷ್ಟು ಸುಲಭ ಇರಲಿಲ್ಲ. ಯಂತ್ರ ದತ್ತಾಂಶ ಕೊಟ್ಟಿತು, ಆದರೆ ಆ ದತ್ತಾಂಶ ಹಿಡಿದು ಗೈರುಹಾಜರಾದವರ ರಜೆ ಕತ್ತರಿಸುವ ಕೆಲಸ ಸರಿಯಾಗಿ ಆಗಲಿಲ್ಲ. ಸಿಬ್ಬಂದಿಗೆ ಕೆಲಸದ ಮೇಲೆ ಬೇಸರ ಹೆಚ್ಚಿತು. ಬಿಗಿ ಮಾಡಿದರೆ ಹಳ್ಳಿಗೆ ಬರುವ ಡಾಕ್ಟರುಗಳೇ ಕೆಲಸ ಬಿಟ್ಟು ಹೋದಾರು ಎಂಬ ಭಯ ಆಡಳಿತಕ್ಕೆ. ಲಾಗ್ ಇದೆ, ಅಲರ್ಟ್ ಇದೆ, ಆಕ್ಷನ್ ತಗೊಳ್ಳೋರಿಲ್ಲ. ಇದನ್ನು ನೀವು ಯಾವುದಾದರೂ ಪ್ರೊಡಕ್ಷನ್ ಸಪೋರ್ಟ್ ಟೀಮಿನಲ್ಲಿ ನೋಡಿಲ್ಲ ಅಂದರೆ ಪುಣ್ಯವಂತರು. ತಂತ್ರಜ್ಞಾನ ಗೊತ್ತಿರುವ ನಾವು ಅರ್ಧ ಕೆಲಸ ಮಾತ್ರ ಮಾಡ್ತೀವಿ. ಉಳಿದರ್ಧ ಮನುಷ್ಯರದ್ದು.

ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬಂದ ಇನ್ನೊಂದು ಪ್ರವಾಹವನ್ನೂ ಹೇಳಬೇಕು. 1994ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನ್‌ವಾಯಿ ಶುರು ಮಾಡಿದರು. ಊರ ಮಧ್ಯೆ ಶಾಮಿಯಾನ ಹಾಕಿ, ಕೂಲಿ ಪಟ್ಟಿ ಗಟ್ಟಿಯಾಗಿ ಓದೋದು. "ಈ ಹೆಸರಿನವರು ಕೂಲಿ ತಗೊಂಡ್ರಾ?" ಅಂತ ಕೇಳೋದು, ಅಷ್ಟೇ. 2005ರ ಉದ್ಯೋಗ ಖಾತ್ರಿ ಕಾನೂನಿನ 17ನೇ ಕಲಮಿನಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ ಅಂತ ಅದು ಗ್ರಾಮಸಭೆಯ ಅಧಿಕಾರವಾಗಿ ಬಂತು. ಹೈದರಾಬಾದಿನವರಿಗೆ ಗೊತ್ತಿರಬಹುದು, ಇದಕ್ಕಾಗಿಯೇ ಸ್ವತಂತ್ರ ಸೊಸೈಟಿ ಮಾಡಿ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದು ಅವಿಭಜಿತ ಆಂಧ್ರ, 2009ರಲ್ಲಿ. ಇಲ್ಲಿ ಮೌಲ್ಯಮಾಪಕ ಯಾರು? ಕೂಲಿಯವನೇ. 1952ರ ವರದಿಗಳು ಜನರ ಬಗ್ಗೆ ಬರೆದವು, ಇಲ್ಲಿ ಜನರೇ ವರದಿ ಹೇಳಿದರು.

ನನ್ನ ತಪ್ಪು

ಈಗ ನನ್ನ ಕಥೆ. 2018ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ, ಹೆಸರು ಬೇಡ, ಸಿಎಸ್‌ಆರ್ ಅಡಿಯಲ್ಲಿ ಪುಣೆ ಸುತ್ತಿನ ಕೆಲವು ಶಾಲೆಗಳಿಗೆ ಟ್ಯಾಬ್ಲೆಟ್ ಕೊಟ್ಟಿತು, ಜೊತೆಗೆ ಸಂಜೆ ಹೊತ್ತು ಒಬ್ಬೊಬ್ಬ ಟ್ಯೂಟರ್. ಡ್ಯಾಶ್‌ಬೋರ್ಡ್ ಮಾಡೋಕೆ ಸ್ವಯಂಸೇವಕನಾಗಿ ನಾನು ಸೇರಿದೆ. ಎಷ್ಟು ಪಾಠ ಮುಗಿದವು, ಎಷ್ಟು ನಿಮಿಷ ಬಳಸಿದರು, ಶಾಲೆವಾರು, ವಾರವಾರು. ಎಲ್ಲ ಹಸಿರು. ನೂರಕ್ಕೆ ತೊಂಬತ್ತರ ಮೇಲೆ. ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ವರ್ಷದ ಕೊನೆಗೆ ಫೋಟೊ ತೆಗೆಯೋಕೆ ಅಂತ ಒಂದು ಶಾಲೆಗೆ ಹೋದೆ. ಒಬ್ಬ ಹುಡುಗಿ ಕನ್ನಡದಲ್ಲಿ ಪಕ್ಕದವಳ ಜೊತೆ ಜಗಳ ಆಡ್ತಿದ್ದಳು. ಕಿವಿ ನೆಟ್ಟಗಾಯ್ತು. ಯಾದಗಿರಿ ಕಡೆಯವರು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು. ಮಾತಾಡಿಸಿದೆ. ಟ್ಯಾಬ್ಲೆಟ್ ಹೇಗೆ ಓದ್ತೀಯ ತೋರಿಸು ಅಂದೆ. ಚಕಚಕ ಅಂತ ಮೂಲೆಯ ಬಾಣದ ಗುರುತು ಒತ್ತುತ್ತಾ ಹೋದಳು. "ಹಿಂಗ ಒತ್ತಿದ್ರ ಮುಂದಕ್ಕ ಹೋಗ್ತದ್ರಿ ಅಂಕಲ್. ಲಾಸ್ಟಿಗಿ ಸ್ಟಾರ್ ಬರ್ತದ." ಪಾಠದ ಮೊದಲ ಸಾಲು ಓದು ಅಂದೆ. ಮರಾಠಿಯದು. ತಲೆ ತಗ್ಗಿಸಿದಳು. ಕನ್ನಡದ್ದು ಬರೆದುಕೊಟ್ಟೆ. ಅದೂ ಬರಲಿಲ್ಲ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಆ ಹುಡುಗಿ ಹಸಿರು.

ಅವತ್ತು ರಾತ್ರಿ ಅಜ್ಜನ ಮಾತು ತಲೆಯಲ್ಲಿ ಸುತ್ತಿತು. ನಾನು ಗುಂಡಿ ಎಣಿಸಿದ್ದೆ.

ಆಮೇಲೆ ನಾನು ಮಾಡಿದ್ದು ಸರಿ ಅಂತಲೇ ಇವತ್ತಿಗೂ ಅಂದ್ಕೋತೀನಿ, ಆದರೆ ಮಾಡಿದ ರೀತಿ ಸರಿಯಿರಲಿಲ್ಲ. ಪ್ರಥಮ್‌ನವರ ಅಸರ್ ಸಮೀಕ್ಷೆಯ ಹಾಗೆ, ಒಂದು ಅಕ್ಷರ, ಒಂದು ಪದ, ಒಂದು ಪ್ಯಾರಾ ಓದಿಸುವ ಸರಳ ಪರೀಕ್ಷೆ ಮಾಡಿಸಿದೆ. ಫಲಿತಾಂಶ ಕೆಟ್ಟದಾಗಿತ್ತು. ಒಂದು ಸ್ಲೈಡ್‌ನಲ್ಲಿ ಹಾಕಿ ಮೇಲಕ್ಕೆ ಕಳಿಸಿದೆ, ಕೆಂಪು ಬಣ್ಣದಲ್ಲಿ. ಏನು ಮಾಡಿದರೆ ಸರಿಹೋಗಬಹುದು ಅಂತ ಒಂದು ಸಾಲೂ ಬರೆಯಲಿಲ್ಲ. ಮುಂದಿನ ಬಜೆಟ್‌ನಲ್ಲಿ ಕಾರ್ಯಕ್ರಮವೇ ನಿಂತಿತು. ಟ್ಯಾಬ್ಲೆಟ್ ಹೋದರೆ ಹೋಗಲಿ, ಸಂಜೆ ಬರುತ್ತಿದ್ದ ಟ್ಯೂಟರ್ ಕೂಡ ಹೋದರು. ಆ ಮಕ್ಕಳಿಗೆ ಇದ್ದ ಒಂದೇ ನಿಜವಾದ ಆಸರೆ ಅದು. ಸತ್ಯ ಹೇಳಿದೆ, ಆದರೆ ಆ ಸತ್ಯದ ಬೆಲೆ ತೆತ್ತಿದ್ದು ನಾನಲ್ಲ.

ಸಾರು ಕುದಿಯುವಾಗಲೇ ರುಚಿ ನೋಡೋದು

ಈ ಕ್ಷೇತ್ರ ಇವತ್ತು ಬದಲಾಗ್ತಿರೋದು ಇದೇ ನೋವಿನ ಸುತ್ತ ಅಂತ ಆಮೇಲೆ ಓದಿ ತಿಳಿದೆ. 1967ರಲ್ಲೇ ಮೈಕಲ್ ಸ್ಕ್ರಿವೆನ್ ಎಂಬ ತತ್ತ್ವಜ್ಞಾನಿ ಎರಡು ಬಗೆಯ ಮೌಲ್ಯಮಾಪನ ಬೇರ್ಪಡಿಸಿದ್ದರು. ಕೆಲಸ ನಡೆಯುತ್ತಿರುವಾಗ ತಿದ್ದೋಕೆ ಮಾಡೋದು ಒಂದು, ಮುಗಿದ ಮೇಲೆ ತೀರ್ಪು ಕೊಡೋಕೆ ಮಾಡೋದು ಇನ್ನೊಂದು. ಅಡುಗೆಯವರು ಸಾರಿನ ಉಪ್ಪು ನೋಡೋದು ಮೊದಲನೆಯದು, ನೆಂಟರು ಉಣ್ಣೋದು ಎರಡನೆಯದು. ಈ ಹೋಲಿಕೆಯ ಮೂಲ ರಾಬರ್ಟ್ ಸ್ಟೇಕ್ ಅವರದು, ಸಾರು ಮಾತ್ರ ನನ್ನದು.

ಮೈಕಲ್ ಕ್ವಿನ್ ಪ್ಯಾಟನ್ ಇನ್ನೂ ಮುಂದೆ ಹೋದರು. ಮಿನೆಸೋಟಾದ ಒಂದು ನಾಯಕತ್ವ ತರಬೇತಿಗೆ ಅವರು ಮೌಲ್ಯಮಾಪಕರಾಗಿದ್ದರು. ಮೊದಲ ಅರ್ಧ ಅವಧಿ ತಿದ್ದುವುದು, ಆಮೇಲೆ ಏನೂ ಬದಲಿಸದೆ ಅಳೆದು ತೀರ್ಪು ಕೊಡುವುದು ಅಂತ ಕರಾರು. ನಡೆಸುವವರು ಒಪ್ಪಲಿಲ್ಲ. ಊರು ಬದಲಾಗ್ತಿರುತ್ತೆ, ಜನ ಬದಲಾಗ್ತಿರ್ತಾರೆ, ನಾವ್ಯಾಕೆ ಬದಲಾಗದೆ ನಿಲ್ಲಬೇಕು ಅಂತ ಅವರ ವಾದ. ಅಲ್ಲಿಂದ ಬೆಳವಣಿಗೆಯ ಜೊತೆಗೇ ಸಾಗುವ ಮೌಲ್ಯಮಾಪನದ ಕಲ್ಪನೆ ಹುಟ್ಟಿತು, 1994ರಲ್ಲಿ ಪ್ಯಾಟನ್ ಅದನ್ನು ಬರೆದರು. ವಾಟರ್‌ಫಾಲ್‌ನಿಂದ ಅಜೈಲ್‌ಗೆ ಬಂದ ಹಾಗೆ ಅಂದುಕೊಳ್ಳಿ. ಪ್ರತಿ ಸ್ಪ್ರಿಂಟ್ ಮುಗಿದ ಮೇಲೆ ರೆಟ್ರೊ ಇದೆಯಲ್ಲ, ಅದರ ಅಣ್ಣ ಇದು.

ಉಳಿದ ಬದಲಾವಣೆಗಳನ್ನು ಬೇಗ ಹೇಳಿಬಿಡ್ತೀನಿ. ಜಗತ್ತಿನ ಅಭಿವೃದ್ಧಿ ಸಂಸ್ಥೆಗಳು 1991ರಿಂದ ಐದು ಮಾನದಂಡ ಹಿಡಿದಿದ್ದವು. 2019ರಲ್ಲಿ ಆರನೆಯದು ಸೇರಿತು: ಈ ಯೋಜನೆ ಸುತ್ತಲಿನ ಬೇರೆ ಯೋಜನೆಗಳ ಜೊತೆ ಹೊಂದುತ್ತದಾ? ನಮ್ಮಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂತು, ರಾಜ್ಯ ಮಟ್ಟದಲ್ಲಿ ಇದಕ್ಕೇ ಮೀಸಲಾದ ಸಂಸ್ಥೆ ಇರೋದು ನಾವು ಹೆಮ್ಮೆ ಪಡಬೇಕಾದ್ದೇ. ದೆಹಲಿಯಲ್ಲಿ ಸ್ವತಂತ್ರ ಮೌಲ್ಯಮಾಪನ ಕಚೇರಿ ಅಂತ ಒಂದನ್ನು ತೆರೆದು 2014ರಲ್ಲಿ ಮುಚ್ಚಿದರು. 2015ರಲ್ಲಿ ಅದನ್ನೂ, 1952ರ ಆ ಹಳೇ ಪಿ.ಇ.ಒ.ವನ್ನೂ ಸೇರಿಸಿ ನೀತಿ ಆಯೋಗದ ಕೆಳಗೆ ಹೊಸ ಕಚೇರಿ ಮಾಡಿದರು. ಡಿ.ಜಿ. ಕರ್ವೆ ಕಟ್ಟಿದ ಮನೆಯ ವಿಳಾಸ ಈಗ ಅದು. ಕೊರೊನಾ ಬಂದಾಗ ಮನೆ ಮನೆಗೆ ಹೋಗೋಕಾಗದೆ ಅಸರ್‌ನವರು 2020ರಲ್ಲಿ ಫೋನಿನಲ್ಲಿ ಸಮೀಕ್ಷೆ ಮಾಡಿದರು. ಬೆಲೆ ತೆರಬೇಕಾಯ್ತು: ಮಗುವಿನ ಮುಂದೆ ಕೂತು ಓದಿಸೋದು ಫೋನಿನಲ್ಲಿ ಆಗಲ್ಲ, ಪುಸ್ತಕ ಇದೆಯಾ, ಫೋನ್ ಇದೆಯಾ ಅಂತಷ್ಟೇ ಕೇಳಬಹುದು. ಫೋನ್ ಇಲ್ಲದ ಮನೆ ಲೆಕ್ಕದಿಂದಲೇ ಹೊರಗೆ. 2021ರಲ್ಲಿ ಕರ್ನಾಟಕದ ಹಳ್ಳಿಗಳಿಗೆ ಮತ್ತೆ ಹೋಗಿ ಮಕ್ಕಳನ್ನು ಓದಿಸಿ ನೋಡಿದಾಗಲೇ ಕಲಿಕೆ ಎಷ್ಟು ಹಿಂದೆ ಸರಿದಿದೆ ಅಂತ ಕಣ್ಣಿಗೆ ಕಂಡದ್ದು.

ಈಗ ಉಪಗ್ರಹದ ಚಿತ್ರ, ಮೊಬೈಲ್ ದತ್ತಾಂಶ, ಎಐ ಎಲ್ಲ ಬಂದಿವೆ. ಕೆಲಸ ಬೇಗ ಆಗುತ್ತೆ, ಅಗ್ಗವಾಗುತ್ತೆ, ಬೇಡ ಅನ್ನೋಕೆ ನಾನ್ಯಾರು, ನನ್ನ ಅನ್ನವೇ ಅದು. ಆದರೆ ಈ ಎಪ್ಪತ್ತು ವರ್ಷದ ಇತಿಹಾಸದಲ್ಲಿ ಒಂದು ವಿಷಯ ಬದಲಾಗಿಲ್ಲ. ಎಣಿಸೋಕೆ ಸುಲಭ ಇರೋದನ್ನೇ ನಾವು ಎಣಿಸ್ತೀವಿ. ಯಂತ್ರ ಬಂದ ಮೇಲೆ ಇನ್ನೂ ವೇಗವಾಗಿ, ಇನ್ನೂ ಚಂದದ ಗ್ರಾಫ್ ಹಾಕಿ ಗುಂಡಿ ಎಣಿಸಬಹುದು.

ನಾನೀಗ ಒಂದು ಸಣ್ಣ ಸಂಸ್ಥೆಗೆ ತಿಂಗಳಿಗೆ ಎರಡು ಶನಿವಾರ ಕೆಲಸ ಮಾಡ್ತೀನಿ. ಅಲ್ಲಿ ಮೂರು ನಿಯಮ ಇಟ್ಟುಕೊಂಡಿದ್ದೇವೆ. ವರ್ಷದ ಕೊನೆಗಲ್ಲ, ಆರು ವಾರಕ್ಕೊಮ್ಮೆ ಮಗುವಿನ ಪಕ್ಕ ಕೂತು ಓದಿಸೋದು. ಫಲಿತಾಂಶವನ್ನು ಮೊದಲು ಟ್ಯೂಟರ್‌ಗೆ ತೋರಿಸೋದು, ದುಡ್ಡು ಕೊಡುವವರಿಗೆ ಆಮೇಲೆ. ಕೆಂಪು ಬಣ್ಣ ಹಾಕಿದರೆ ಅದರ ಕೆಳಗೆ 'ಮುಂದೇನು' ಅಂತ ಒಂದು ಸಾಲು ಇರಲೇಬೇಕು. ಮೂರನೆಯದನ್ನು ನಾನೇ ಹಟ ಮಾಡಿ ಸೇರಿಸಿದ್ದು. ಯಾಕೆ ಅಂತ ನಿಮಗೆ ಗೊತ್ತು.

ಆ ಯಾದಗಿರಿಯ ಹುಡುಗಿಯ ಕುಟುಂಬ ಆ ಕಟ್ಟಡ ಮುಗಿದ ಮೇಲೆ ಬೇರೆ ಸೈಟಿಗೆ ಹೋಯ್ತಂತೆ. ಈಗ ಅವಳಿಗೆ ಹದಿನಾರು ಹದಿನೇಳು ಆಗಿರಬೇಕು. ಓದಲು ಬರುತ್ತದೋ ಇಲ್ಲವೋ.

ನಿಮ್ಮ ಮನೆಯಲ್ಲಿ ಗ್ರಾಮಸೇವಕರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಯಾರಾದರೂ ಇದ್ದರೆ, ಈ ಸಲ ಊರಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: "ನಿಮ್ಮ ರಿಜಿಸ್ಟರಿನಲ್ಲಿ ಏನು ಬರೀತಿದ್ರಿ, ಏನನ್ನ ಬರೆಯೋಕೆ ಜಾಗವೇ ಇರಲಿಲ್ಲ?" ಅವರು ಹೇಳೋದನ್ನ ಬರೆದಿಟ್ಟುಕೊಳ್ಳಿ, ನನಗೂ ಕಳಿಸಿ. ಮುಂದಿನ ಕಂತಿಗೆ ಅದೇ ವಿಷಯ. ಅಲ್ಲಿಯವರೆಗೆ, ನಮಸ್ಕಾರ.